ಬೇಡದ ಪ್ರೋಗ್ರಾಂ ತೆಗೆದ ಮೇಲೆ ಕಂಪ್ಯೂಟರ್ ಪದೇ ಪದೇ ಕ್ರ್ಯಾಶ್ ಆಗುತ್ತಿದ್ದರೆ ಎಲ್ಲಿಂದ ಹುಡುಕಬೇಕು

ಜೂನ್ ತಿಂಗಳು. ತಿಪಟೂರಿನ ಒಂದು ಜೆರಾಕ್ಸ್ ಅಂಗಡಿ. ಕಾಲೇಜು ಅಡ್ಮಿಷನ್, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ ಅಂತ ಬಾಗಿಲಿನವರೆಗೂ ಜನ. ಅಂಗಡಿ ನಡೆಸುವ ಅಕ್ಕ ನನಗೆ ಫೋನ್ ಮಾಡಿದಾಗ ದನಿಯಲ್ಲೇ ಗಾಬರಿ ಗೊತ್ತಾಗುತ್ತಿತ್ತು.

“ಅಣ್ಣಾ, ನಾನೇನೂ ಮಾಡಿಲ್ಲ. ಬೇಡದ್ದನ್ನ ತೆಗೆದೆ ಅಷ್ಟೇ. ಆಮೇಲಿಂದ ಹತ್ತು ನಿಮಿಷಕ್ಕೊಂದು ಸಲ ನೀಲಿ ಬಣ್ಣ ಬಂದು ತಾನಾಗೇ ರೀಸ್ಟಾರ್ಟ್ ಆಗುತ್ತೆ. ಅರ್ಜಿ ಅರ್ಧಕ್ಕೇ ನಿಂತುಹೋಗುತ್ತೆ.”

ಹೋಗಿ ಕೂತು, ಮೊದಲು ಕೇಳಿದ್ದು ಏನೇನು ತೆಗೆದಿರಿ ಅಂತ. ಒಂದೇ ಮಧ್ಯಾಹ್ನ ಎಂಟು ಹೋಗಿದ್ದವು. ಅವಧಿ ಮುಗಿದಿದ್ದ ಒಂದು ಆಂಟಿವೈರಸ್, ಒಂದು ವಿಪಿಎನ್, ಹಳೆಯ ಸ್ಕ್ಯಾನರ್‌ನ ಸಾಫ್ಟ್‌ವೇರ್, ಎರಡು ಪಿಡಿಎಫ್ ಟೂಲ್, ಮಗ ಹಾಕಿಕೊಂಡಿದ್ದ ಒಂದು ಗೇಮ್. ಜೊತೆಗೆ, “ವಿಷುಯಲ್ ಸಿ ಪ್ಲಸ್ ಪ್ಲಸ್ ಅಂತ ಒಂದೇ ಹೆಸರು ಐದಾರು ಸಲ ಇತ್ತು, ಅದರಲ್ಲೂ ಎರಡು ತೆಗೆದೆ” ಅಂದರು.

ಈ ಪಟ್ಟಿ ಸಿಕ್ಕಿದ್ದೇ ಅರ್ಧ ಕೆಲಸ ಆದಂತೆ. ಅದಕ್ಕೇ ನಿಮಗೂ ಮೊದಲು ಹೇಳುವುದು ಇದನ್ನೇ. ಕಂಪ್ಯೂಟರ್ ಮುಟ್ಟುವ ಮುಂಚೆ ಒಂದು ಹಾಳೆ ತಗೊಳ್ಳಿ. ಏನು ತೆಗೆದಿರಿ, ಯಾವ ದಿನ, ಮೊದಲ ಕ್ರ್ಯಾಶ್ ಯಾವಾಗ ಆಯಿತು, ಆಗ ಏನು ಮಾಡುತ್ತಿದ್ದಿರಿ, ಇಷ್ಟು ಬರೆಯಿರಿ. ನೆನಪಿಲ್ಲದಿದ್ದರೂ ಪರವಾಗಿಲ್ಲ, ವಿಂಡೋಸ್ ಬರೆದಿಟ್ಟಿರುತ್ತದೆ. ಅದನ್ನು ಎಲ್ಲಿ ನೋಡುವುದು ಅಂತ ಮುಂದೆ ಹೇಳುತ್ತೇನೆ.

ಮೊದಲು ಕೈ ತಡೆಯಿರಿ

ಗಾಬರಿಯಲ್ಲಿ ಜನ ಮಾಡುವ ಮೂರು ಕೆಲಸಗಳಿಂದ ದೋಷ ಹುಡುಕುವುದು ಕಷ್ಟವಾಗುತ್ತದೆ. ಒಂದು, ಇನ್ನಷ್ಟು ಪ್ರೋಗ್ರಾಂ ತೆಗೆಯುವುದು. ಎರಡು, ರಿಜಿಸ್ಟ್ರಿ ಕ್ಲೀನರ್ ಓಡಿಸುವುದು. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ, ಪ್ರೋಗ್ರಾಂಗಳ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ. ಇಂಥ ಕ್ಲೀನರ್‌ಗಳಿಗೆ ಮೈಕ್ರೋಸಾಫ್ಟ್ ಬೆಂಬಲ ಕೊಡುವುದಿಲ್ಲ. ಅವು ಯಾವುದು ಕಸ, ಯಾವುದು ಬೇಕಾದದ್ದು ಅಂತ ಊಹೆಯ ಮೇಲೆ ತೆಗೆಯುತ್ತವೆ. ಜೊತೆಗೆ ಕೆಲವು ಕ್ಲೀನಪ್ ಟೂಲ್‌ಗಳು ಕ್ರ್ಯಾಶ್ ಆದಾಗ ವಿಂಡೋಸ್ ಬರೆದಿಡುವ ಡಂಪ್ ಫೈಲ್‌ಗಳನ್ನೂ ಅಳಿಸುತ್ತವೆ. ಅಂದರೆ ನಮಗೆ ಬೇಕಾದ ಸಾಕ್ಷಿಯೇ ಹೋಯಿತು. ಮೂರು, ಸೀದಾ ಫಾರ್ಮ್ಯಾಟ್.

ಕಂಪ್ಯೂಟರ್ ಹತ್ತು ನಿಮಿಷ ನಿಲ್ಲುತ್ತದೆ ಅಂದರೆ ಆ ಹತ್ತು ನಿಮಿಷದಲ್ಲಿ ಮುಖ್ಯವಾದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್‌ಡಿಸ್ಕ್‌ಗೋ ಕಾಪಿ ಮಾಡಿಕೊಳ್ಳಿ. ಇನ್ನೊಂದು ಮಾತು, ಇದನ್ನು ತುಂಬಾ ಜನ ಮರೆಯುತ್ತಾರೆ: ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ. ರಿಪೇರಿ ಮೆನುಗೆ ಹೋದಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಮೊಬೈಲ್‌ನಲ್ಲಿ ಲಾಗಿನ್ ಆಗಿ ಮೊದಲೇ ಬರೆದಿಟ್ಟುಕೊಳ್ಳಿ.

ಪ್ರೋಗ್ರಾಂ ಹೋದ ಮೇಲೆ ಕ್ರ್ಯಾಶ್ ಯಾಕೆ?

ಬಾಡಿಗೆ ಮನೆ ಬಿಟ್ಟು ಹೋಗುವವರನ್ನು ನೋಡಿರುತ್ತೀರಿ. ಕೆಲವರು ಗೋಡೆಗೆ ಹೊಡೆದ ಮೊಳೆ, ಬಾಗಿಲಿಗೆ ಹಾಕಿದ ತಮ್ಮ ಬೀಗ ಹಾಗೇ ಬಿಟ್ಟು ಹೋಗುತ್ತಾರೆ. ಕೆಲವರು ಮನೆಯವರದ್ದೇ ಬಲ್ಬನ್ನೂ ಬಿಚ್ಚಿಕೊಂಡು ಹೋಗುತ್ತಾರೆ. ಅನ್‌ಇನ್‌ಸ್ಟಾಲ್‌ನಲ್ಲೂ ಆಗುವ ತೊಂದರೆ ಈ ಎರಡೇ. ಒಂದೋ ಏನನ್ನೋ ಬಿಟ್ಟುಹೋಗಿದೆ, ಇಲ್ಲವೇ ಬೇರೆಯವರಿಗೂ ಬೇಕಾಗಿದ್ದನ್ನು ಹೊತ್ತುಕೊಂಡು ಹೋಗಿದೆ.

ಇದರಲ್ಲಿ ಇಡೀ ಕಂಪ್ಯೂಟರನ್ನು ಬೀಳಿಸುವುದು ಹೆಚ್ಚಾಗಿ ಮೊದಲನೆಯದು. ಮಾಮೂಲಿ ಪ್ರೋಗ್ರಾಂ, ಅಂದರೆ ಪಿಡಿಎಫ್ ಓದುವ ಟೂಲ್ ಅಥವಾ ಮ್ಯೂಸಿಕ್ ಪ್ಲೇಯರ್ ತಪ್ಪು ಮಾಡಿದರೆ ಅದು ಮಾತ್ರ ಮುಚ್ಚಿಕೊಳ್ಳುತ್ತದೆ. ವಿಂಡೋಸ್ ನಿಂತೇ ಇರುತ್ತದೆ. ಆದರೆ ಡ್ರೈವರ್‌ಗಳು, ಅಂದರೆ ಡಿಸ್ಕ್, ಪ್ರಿಂಟರ್, ನೆಟ್‌ವರ್ಕ್‌ನಂಥವುಗಳ ಜೊತೆ ವಿಂಡೋಸ್ ಮಾತಾಡಲು ಬೇಕಾದ ಸಾಫ್ಟ್‌ವೇರ್, ಓಡುವುದು ವಿಂಡೋಸ್‌ನ ಒಳಮನೆಯಲ್ಲಿ, ಕರ್ನೆಲ್ ಅನ್ನುವ ಜಾಗದಲ್ಲಿ. ಅಲ್ಲಿ ಒಬ್ಬರು ಎಡವಿದರೂ ವಿಂಡೋಸ್ ತಾನೇ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ನಿಲ್ಲಿಸದಿದ್ದರೆ ಡಿಸ್ಕ್‌ನಲ್ಲಿರುವ ನಿಮ್ಮ ಫೈಲ್‌ಗಳೇ ಕೆಟ್ಟುಹೋಗಬಹುದು. ನೀಲಿ ಪರದೆ ಅಂದರೆ ಇದೇ.

2024ರ ಜುಲೈ 19 ನೆನಪಿದೆಯಾ? ಸೆಕ್ಯೂರಿಟಿ ಸಾಫ್ಟ್‌ವೇರ್ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಬಿದ್ದವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅಲ್ಲಿ ಯಾರೂ ಏನನ್ನೂ ತೆಗೆದಿರಲಿಲ್ಲ, ನಿಜ. ಆದರೆ ಸೆಕ್ಯೂರಿಟಿ ಸಾಫ್ಟ್‌ವೇರ್ ಕರ್ನೆಲ್‌ನಲ್ಲಿ ಎಷ್ಟು ಆಳಕ್ಕೆ ಬೇರು ಬಿಟ್ಟಿರುತ್ತದೆ ಅನ್ನುವುದು ಅವತ್ತು ಎಲ್ಲರಿಗೂ ಗೊತ್ತಾಯಿತು. ಅಂಥ ಬೇರನ್ನು ಅರ್ಧ ಕಿತ್ತರೆ ಏನಾಗುತ್ತದೆ ಅನ್ನುವುದೇ ನಮ್ಮ ಈಗಿನ ವಿಷಯ.

ಯಾವಾಗ ಬೀಳುತ್ತಿದೆ?

ಯಾವ ಟೂಲ್‌ಗಿಂತಲೂ ಈ ಒಂದು ಪ್ರಶ್ನೆಗೆ ಬೆಲೆ ಜಾಸ್ತಿ.

ವಿಂಡೋಸ್ ಲೋಗೋ ಬರುವಾಗಲೇ ಬಿದ್ದರೆ ಡಿಸ್ಕ್‌ಗೆ ಸಂಬಂಧಪಟ್ಟ ಡ್ರೈವರ್ ಮೇಲೆ ಅನುಮಾನ ಪಡಿ. ಬ್ಯಾಕಪ್ ಸಾಫ್ಟ್‌ವೇರ್, ಡಿಸ್ಕ್ ಎನ್‌ಕ್ರಿಪ್ಷನ್, ಸಿಡಿಯಂತೆ ನಟಿಸುವ ವರ್ಚುವಲ್ ಡ್ರೈವ್ ಈ ಗುಂಪಿನವು. ಲಾಗಿನ್ ಆಗಿ ಒಂದೆರಡು ನಿಮಿಷಕ್ಕೆ ಬಿದ್ದರೆ ತಾನಾಗೇ ಶುರುವಾಗುವ ಯಾವುದೋ ಸರ್ವಿಸ್, ಅಂದರೆ ಕಣ್ಣಿಗೆ ಕಾಣದೆ ಹಿಂದೆ ಓಡುವ ಪ್ರೋಗ್ರಾಂ. ಇಂಟರ್ನೆಟ್ ಬಳಸಿದಾಗ ಮಾತ್ರ ಬಿದ್ದರೆ ಆಂಟಿವೈರಸ್ ಅಥವಾ ವಿಪಿಎನ್ ಬಿಟ್ಟುಹೋದ ನೆಟ್‌ವರ್ಕ್ ಫಿಲ್ಟರ್, ಅಂದರೆ ನೆಟ್‌ನಲ್ಲಿ ಹೋಗಿಬರುವುದನ್ನು ತಡೆದು ನೋಡುವ ಡ್ರೈವರ್. ವಿಡಿಯೋ ನೋಡುವಾಗ, ಗೇಮ್ ಆಡುವಾಗ ಬಿದ್ದರೆ ಗ್ರಾಫಿಕ್ಸ್ ಡ್ರೈವರ್, ಇಲ್ಲವೇ ಬಿಸಿ. ಯಾವುದೋ ಒಂದು ಪ್ರೋಗ್ರಾಂ ಮಾತ್ರ ಮುಚ್ಚಿಕೊಂಡು ಉಳಿದದ್ದು ಸರಿ ಇದ್ದರೆ, ಅದು ಹೊತ್ತುಕೊಂಡು ಹೋದ ಕೇಸು. ಸುಲಭದ್ದು.

ಯಾವ ಲೆಕ್ಕಕ್ಕೂ ಸಿಗದೆ, ಸುಮ್ನೆ ಇಟ್ಟಾಗಲೂ, ಬೇರೆ ಬೇರೆ ಎರರ್ ಕೊಟ್ಟು ಬಿದ್ದರೆ ಹಾರ್ಡ್‌ವೇರ್ ಕಡೆಗೂ ಒಂದು ಕಣ್ಣಿಡಿ.

ಅಂಗಡಿಯ ಅಕ್ಕನನ್ನು ಇದೇ ಕೇಳಿದೆ. ಸ್ವಲ್ಪ ಯೋಚಿಸಿ ಅಂದರು: “ಬರೀ ಟೈಪಿಂಗ್ ಇದ್ದರೆ ನಿಲ್ಲುತ್ತೆ ಅಣ್ಣಾ. ಅಪ್‌ಲೋಡ್ ಒತ್ತಿದ ತಕ್ಷಣ ಹೋಗುತ್ತೆ.” ನಾನು ಹಿಂದಿನಿಂದ ನೆಟ್ ಕೇಬಲ್ ಕಿತ್ತೆ. ಕಂಪ್ಯೂಟರ್ ಒಂದೂವರೆ ಗಂಟೆ ಅಲುಗಾಡಲಿಲ್ಲ. ಅಷ್ಟರಲ್ಲಿ ಅವರು ಎರಡು ಮದುವೆ ಕಾರ್ಡ್ ಟೈಪ್ ಮಾಡಿ ಮುಗಿಸಿದರು. ಕೇಬಲ್ ಹಾಕಿದೆ. ನಾಲ್ಕನೇ ನಿಮಿಷಕ್ಕೆ ಬಿತ್ತು. ನೀವೂ ಹೀಗೇ ಒಂದೊಂದನ್ನೇ ಬೇರೆ ಮಾಡಿ ನೋಡಿ. ವೈಫೈ ಆಫ್ ಮಾಡಿ, ಪ್ರಿಂಟರ್ ಕಿತ್ತು, ಪೆನ್‌ಡ್ರೈವ್ ತೆಗೆದು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ನೀಲಿ ಪರದೆ ಏನು ಹೇಳುತ್ತದೆ

ಆ ಪರದೆ ಬಂದಾಗ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಹೊಸ ವಿಂಡೋಸ್ 11ರಲ್ಲಿ ಆ ಪರದೆಯ ಬಣ್ಣ ಕಪ್ಪು, ಅರ್ಥ ಅದೇ. ಸ್ಕ್ರೀನ್ ಕ್ಷಣದಲ್ಲಿ ಮಾಯವಾಗುತ್ತಿದ್ದರೆ ಸಿಸ್ಟಂ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ಟ್ಯಾಬ್, ಅದರಲ್ಲಿ ಸ್ಟಾರ್ಟಪ್ ಆ್ಯಂಡ್ ರಿಕವರಿ ತೆರೆದು, ಆಟೋಮ್ಯಾಟಿಕಲಿ ರೀಸ್ಟಾರ್ಟ್ ಅನ್ನುವ ಟಿಕ್ ತೆಗೆಯಿರಿ. ಅಲ್ಲೇ ಕೆಳಗೆ ಸ್ಮಾಲ್ ಮೆಮೊರಿ ಡಂಪ್ ಆರಿಸಿ.

ನೋಡಬೇಕಾದ್ದು ಎರಡು ಸಾಲು. ಒಂದು ಸ್ಟಾಪ್ ಕೋಡ್, ಇನ್ನೊಂದು “ವಾಟ್ ಫೇಲ್ಡ್” ಅಂತ ಇರುವ ಸಾಲು. ಎರಡನೆಯದು ಯಾವಾಗಲೂ ಬರುವುದಿಲ್ಲ, ಬಂದರೆ ಅದೃಷ್ಟ. ಸ್ಟಾಪ್ ಕೋಡ್‌ನಲ್ಲಿ “ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್” ಅಂತ ಬಂದರೆ ಯಾವುದೋ ಡ್ರೈವರ್ ಮುಟ್ಟಬಾರದ ಹೊತ್ತಿನಲ್ಲಿ ಮುಟ್ಟಬಾರದ ಮೆಮೊರಿ ಮುಟ್ಟಿದೆ ಅಂತ. “ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್” ಅಂದರೆ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗುತ್ತಿಲ್ಲ. “ಮೆಮೊರಿ ಮ್ಯಾನೇಜ್‌ಮೆಂಟ್” ಡ್ರೈವರ್‌ನಿಂದಲೂ ಬರಬಹುದು, ರ್‍ಯಾಮ್‌ನಿಂದಲೂ ಬರಬಹುದು. “ವೀಯಾ ಅನ್‌ಕರೆಕ್ಟಬಲ್ ಎರರ್” ಬಂದರೆ ಹೆಚ್ಚಾಗಿ ಹಾರ್ಡ್‌ವೇರ್.

ಇಲ್ಲೊಂದು ಎಚ್ಚರಿಕೆ. “ಎನ್‌ಟಿಓಎಸ್‌ಕೆಆರ್‌ಎನ್‌ಎಲ್” ಅಂತ ಹೆಸರು ಬಂದರೆ ಅದನ್ನೇ ಅಪರಾಧಿ ಅಂದುಕೊಳ್ಳಬೇಡಿ. ಅದು ವಿಂಡೋಸ್‌ನ ಕರ್ನೆಲ್. ತಪ್ಪು ಮಾಡಿದವರು ಬೇರೆ, ಬಿದ್ದ ಜಾಗ ಇದು. ಅಂಗಡಿಯಲ್ಲೂ ಮೊದಲ ಎರಡು ಸಲ ನೆಟ್‌ವರ್ಕ್‌ನ ವಿಂಡೋಸ್ ಫೈಲ್ “ಎನ್‌ಡಿಐಎಸ್” ಹೆಸರು ಬಂತು. ಮೂರನೇ ಸಲ ಯಾವುದೋ ಗೊತ್ತಿಲ್ಲದ ಹೆಸರು. ಸಿ ಡ್ರೈವ್, ವಿಂಡೋಸ್, ಸಿಸ್ಟಂ32, ಡ್ರೈವರ್ಸ್ ಫೋಲ್ಡರ್‌ಗೆ ಹೋಗಿ ಆ ಹೆಸರಿನ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡಿಟೇಲ್ಸ್ ತೆರೆದೆ. ಕಂಪನಿ ಹೆಸರಿನ ಜಾಗದಲ್ಲಿ ಇದ್ದದ್ದು ಅಕ್ಕ ಮೂರು ದಿನದ ಹಿಂದೆ ತೆಗೆದ ಆಂಟಿವೈರಸ್‌ನದ್ದೇ.

ಫೋಟೋ ತೆಗೆಯಲು ಆಗದಿದ್ದರೂ ದಾರಿ ಇದೆ. ವಿಂಡೋಸ್ ಫೋಲ್ಡರ್‌ನೊಳಗೆ ಮಿನಿಡಂಪ್ ಅನ್ನುವ ಫೋಲ್ಡರ್‌ನಲ್ಲಿ ಪ್ರತಿ ಕ್ರ್ಯಾಶ್‌ಗೂ ಒಂದು ಸಣ್ಣ ಫೈಲ್ ಬೀಳುತ್ತದೆ. ನಿರ್‌ಸಾಫ್ಟ್‌ನ ಬ್ಲೂಸ್ಕ್ರೀನ್‌ವ್ಯೂ ಉಚಿತ, ಅದರಲ್ಲಿ ತೆರೆದರೆ ಯಾವ ಡ್ರೈವರ್ ಮೇಲೆ ಅನುಮಾನ ಅಂತ ಹೇಳುತ್ತದೆ. ಆಳವಾಗಿ ನೋಡಬೇಕಾದವರಿಗೆ ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿ ಇದೆ.

ದಿನಚರಿ ಓದಿ

ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ “ವ್ಯೂ ರಿಲಯಬಿಲಿಟಿ ಹಿಸ್ಟರಿ” ಬರುತ್ತದೆ. ಇದು ನನಗೆ ತುಂಬಾ ಇಷ್ಟವಾದ ಟೂಲ್, ಆದರೂ ಹೆಚ್ಚು ಜನಕ್ಕೆ ಗೊತ್ತಿಲ್ಲ. ದಿನದ ಲೆಕ್ಕದಲ್ಲಿ ಕ್ಯಾಲೆಂಡರ್‌ನಂತೆ ತೋರಿಸುತ್ತದೆ. ಯಾವ ದಿನ ಯಾವ ಪ್ರೋಗ್ರಾಂ ಹೋಯಿತು, ಯಾವ ಅಪ್‌ಡೇಟ್ ಬಂತು, ಯಾವ ದಿನ ಕ್ರ್ಯಾಶ್ ಆಯಿತು, ಎಲ್ಲ ಒಂದೇ ಸಾಲಿನಲ್ಲಿ. ಕೆಂಪು ಗುರುತುಗಳು ಅನ್‌ಇನ್‌ಸ್ಟಾಲ್ ದಿನದಿಂದಲೇ ಶುರುವಾಗಿವೆಯಾ, ಇಲ್ಲ ಅದಕ್ಕಿಂತ ಮುಂಚೆಯೇ ಇದ್ದವಾ ಅಂತ ನೋಡಿ. ಮುಂಚೆಯೇ ಇದ್ದರೆ ಕಥೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಂ ಲಾಗ್ ತೆರೆದರೆ ಕರ್ನೆಲ್-ಪವರ್, ಈವೆಂಟ್ 41 ಅಂತ ಕೆಂಪಗೆ ಕಾಣುತ್ತದೆ. ಅದನ್ನು ನೋಡಿ ತುಂಬಾ ಜನ ಪವರ್ ಸಪ್ಲೈ ಬದಲಾಯಿಸಿ ದುಡ್ಡು ಕಳೆದುಕೊಂಡಿದ್ದಾರೆ. 41ರ ಅರ್ಥ ಇಷ್ಟೇ: ಕಳೆದ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಕಾರಣ ಏನು ಅಂತ ಅದು ಹೇಳುವುದಿಲ್ಲ. ಆದರೆ ಅದರ ಡಿಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್ ಅಂತ ಒಂದು ಸಾಲಿದೆ. ಅಲ್ಲಿ ಸೊನ್ನೆ ಇದ್ದರೆ ನೀಲಿ ಪರದೆ ದಾಖಲಾಗಿಲ್ಲ. ಕರೆಂಟ್ ಹೋಗಿರಬಹುದು, ಬಿಸಿಯಿಂದ ಆಫ್ ಆಗಿರಬಹುದು, ಕಂಪ್ಯೂಟರ್ ಪೂರ್ತಿ ಹಿಡಿದುಕೊಂಡಿರಬಹುದು. ಸೊನ್ನೆ ಅಲ್ಲದಿದ್ದರೆ ವಿಂಡೋಸ್ ತಾನೇ ನಿಲ್ಲಿಸಿದೆ, ಅಂದರೆ ನಾವು ಹಿಡಿದ ದಾರಿ ಸರಿ.

ಸೇಫ್ ಮೋಡ್

ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ನೆಟ್ ಜೊತೆಗೆ. ವಿಂಡೋಸ್ ಒಳಗೇ ಹೋಗಲು ಆಗದಿದ್ದರೆ, ಬೂಟ್ ಆಗುವಾಗ ಎರಡು ಮೂರು ಸಲ ಸತತವಾಗಿ ವಿಫಲವಾದ ಮೇಲೆ ರಿಪೇರಿ ಮೆನು ತಾನಾಗೇ ಬರುತ್ತದೆ. ಕೆಲವು ಕಂಪ್ಯೂಟರ್‌ಗಳಲ್ಲಿ ಇಲ್ಲಿ ಪಿನ್ ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು. ನೆನಪಿರಲಿ.

ಸೇಫ್ ಮೋಡ್‌ನಲ್ಲಿ ವಿಂಡೋಸ್ ತನಗೆ ತೀರಾ ಬೇಕಾದ ಡ್ರೈವರ್‌ಗಳನ್ನು ಮಾತ್ರ ಹಾಕಿಕೊಳ್ಳುತ್ತದೆ. ಅಲ್ಲಿ ಒಂದು ಗಂಟೆ ಸುಮ್ನೆ ಬಿಟ್ಟು ನೋಡಿ. ಗಟ್ಟಿಯಾಗಿ ನಿಂತರೆ ತೊಂದರೆ ಹೊರಗಿನ ಡ್ರೈವರ್ ಅಥವಾ ಸರ್ವಿಸ್‌ನದ್ದು ಅನ್ನುವುದು ಬಹುತೇಕ ಖಚಿತ. ಅಲ್ಲೂ ಬಿದ್ದರೆ ವಿಂಡೋಸ್ ಫೈಲ್ ಕೆಟ್ಟಿದೆ ಅಥವಾ ಹಾರ್ಡ್‌ವೇರ್.

ಬಿಟ್ಟುಹೋದದ್ದನ್ನು ತೆಗೆಯುವುದು

ಅಂಗಡಿಯ ಕಂಪ್ಯೂಟರ್‌ಗೆ ಬರೋಣ. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್ ತೆರೆದು, ಈಥರ್‌ನೆಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದೆ. ಅಲ್ಲೊಂದು ಉದ್ದ ಪಟ್ಟಿ ಇರುತ್ತದೆ. ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4, ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಹೀಗೆ. ಅವುಗಳ ಮಧ್ಯೆ ಆ ಆಂಟಿವೈರಸ್‌ನ ಹೆಸರಿನಲ್ಲಿ ಒಂದು ಫಿಲ್ಟರ್, ಪಕ್ಕದಲ್ಲಿ ಟಿಕ್ ಹಾಗೇ ಕೂತಿತ್ತು. ಮುಖ್ಯ ಪ್ರೋಗ್ರಾಂ ಮನೆ ಖಾಲಿ ಮಾಡಿದೆ, ಆದರೆ ಬಾಗಿಲಲ್ಲಿ ನಿಲ್ಲಿಸಿದ ಕಾವಲುಗಾರ ಇನ್ನೂ ಅಲ್ಲೇ ಇದ್ದಾನೆ. ನೆಟ್‌ನಿಂದ ಬರುವ ಪ್ರತಿಯೊಂದನ್ನೂ ತಡೆದು, ಇಲ್ಲದ ಯಜಮಾನನಿಗೆ ಕೊಡಲು ಹೋಗುತ್ತಿದ್ದಾನೆ. ಆ ಟಿಕ್ ತೆಗೆದು ಓಕೆ ಕೊಟ್ಟು ರೀಸ್ಟಾರ್ಟ್ ಮಾಡಿದೆ. ಕೇಬಲ್ ಹಾಕಿ ಅಕ್ಕನಿಗೆ ಅಪ್‌ಲೋಡ್ ಒತ್ತಲು ಹೇಳಿದೆ. ಹೋಯಿತು. ಕಂಪ್ಯೂಟರ್ ಅಲ್ಲ, ಅರ್ಜಿ!

ಆದರೆ ಟಿಕ್ ತೆಗೆದರೆ ಕೆಲಸ ಮುಗಿಯಲಿಲ್ಲ. ಕಾವಲುಗಾರ ನಿದ್ದೆಯಲ್ಲಿದ್ದಾನೆ ಅಷ್ಟೇ. ದೊಡ್ಡ ಆಂಟಿವೈರಸ್ ಕಂಪನಿಗಳೆಲ್ಲ ತಮ್ಮದೇ ಒಂದು ರಿಮೂವಲ್ ಟೂಲ್ ಕೊಡುತ್ತವೆ. ಅದನ್ನು ಆಯಾ ಕಂಪನಿಯ ಸೈಟ್‌ನಿಂದಲೇ ಇಳಿಸಿಕೊಂಡು ಓಡಿಸಿ. ಸೇಫ್ ಮೋಡ್‌ನಲ್ಲಿ ಓಡಿಸಿ ಅಂತ ಅದು ಹೇಳಿದರೆ ಹಾಗೇ ಮಾಡಿ. ಮಾಮೂಲಿ ಅನ್‌ಇನ್‌ಸ್ಟಾಲ್ ಮಾತ್ರ ಸೇಫ್ ಮೋಡ್‌ನಲ್ಲಿ ಎಷ್ಟೋ ಸಲ ನಡೆಯುವುದಿಲ್ಲ, ಯಾಕಂದರೆ ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಅಲ್ಲಿ ಓಡುತ್ತಿರುವುದಿಲ್ಲ. ಅರ್ಧ ಹೋಗಿ ಅರ್ಧ ಉಳಿದಿದ್ದರೆ ಒಂದು ಸರಳ ಉಪಾಯವೂ ಇದೆ: ಅದೇ ಪ್ರೋಗ್ರಾಂ ಅದೇ ಆವೃತ್ತಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಆಮೇಲೆ ಸರಿಯಾಗಿ ತೆಗೆಯಿರಿ. ಕೇಳಲು ವಿಚಿತ್ರ ಅನ್ನಿಸುತ್ತದೆ, ಆದರೆ ಬಹಳ ಸಲ ಇದರಿಂದಲೇ ಕೆಲಸ ಆಗುತ್ತದೆ. ತೆಗೆದ ಮೇಲೆ ವಿಂಡೋಸ್ ಸೆಕ್ಯೂರಿಟಿ ತೆರೆದು ವಿಂಡೋಸ್‌ನದ್ದೇ ಆಂಟಿವೈರಸ್ ಆದ ಡಿಫೆಂಡರ್ ಆನ್ ಆಗಿದೆಯಾ ಅಂತಲೂ ನೋಡಿ.

ಯಾವುದು ಉಳಿದಿದೆ ಅಂತಲೇ ಗೊತ್ತಿಲ್ಲದಿದ್ದರೆ ಮೈಕ್ರೋಸಾಫ್ಟ್‌ನ ಆಟೋರನ್ಸ್ ಅನ್ನುವ ಉಚಿತ ಟೂಲ್ ಇಳಿಸಿಕೊಳ್ಳಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೈಕ್ರೋಸಾಫ್ಟ್‌ನ ಎಂಟ್ರಿಗಳನ್ನು ಮರೆಮಾಡಿ, ಡ್ರೈವರ್ಸ್ ಮತ್ತು ಸರ್ವಿಸಸ್ ಟ್ಯಾಬ್ ನೋಡಿ. ಹಳದಿಯಲ್ಲಿರುವ ಸಾಲುಗಳು ಅಂದರೆ ಹೆಸರಿದೆ, ಫೈಲ್ ಇಲ್ಲ. ನೀವು ತೆಗೆದ ಪ್ರೋಗ್ರಾಂನ ಕಂಪನಿ ಹೆಸರು ಕಂಡರೆ ಟಿಕ್ ಮಾತ್ರ ತೆಗೆಯಿರಿ, ಡಿಲೀಟ್ ಬೇಡ. ಟಿಕ್ ತೆಗೆದದ್ದನ್ನು ಮತ್ತೆ ಹಾಕಬಹುದು. ಫೈಲ್‌ಗಳ ಮೇಲೆ ಕೂತ ಫಿಲ್ಟರ್‌ಗಳನ್ನು ನೋಡಲು ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಫ್, ಎಲ್, ಟಿ, ಎಂ, ಸಿ ಅಂತ ಐದಕ್ಷರ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಪಟ್ಟಿಯಲ್ಲಿ “ಡಬ್ಲ್ಯೂಡಿಫಿಲ್ಟರ್” ಇದ್ದರೆ ಗಾಬರಿ ಬೇಡ, ಅದು ಡಿಫೆಂಡರ್‌ನದ್ದು.

ಎರಡು ಕೆಲಸ ದಯವಿಟ್ಟು ಮಾಡಬೇಡಿ. ಡ್ರೈವರ್ಸ್ ಫೋಲ್ಡರ್‌ನಿಂದ ಫೈಲನ್ನು ಸೀದಾ ಡಿಲೀಟ್ ಮಾಡಬೇಡಿ. ಫೈಲ್ ಹೋದರೂ ಅದನ್ನು ಕರೆಯುವ ನಮೂದು ರಿಜಿಸ್ಟ್ರಿಯಲ್ಲಿ ಉಳಿದಿರುತ್ತದೆ, ಬೂಟ್‌ಗೆ ಬೇಕಾದ ಡ್ರೈವರ್ ಆಗಿದ್ದರೆ ವಿಂಡೋಸ್ ಏಳುವುದೇ ಇಲ್ಲ. ಇನ್ನೊಂದು, ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಅನ್ನುವ ಸಾಲುಗಳಿವೆ. ಹಳೆಯ ಬ್ಯಾಕಪ್ ಅಥವಾ ವರ್ಚುವಲ್ ಸಿಡಿ ಸಾಫ್ಟ್‌ವೇರ್‌ನ ಹೆಸರು ಅಲ್ಲಿ ಉಳಿದುಕೊಂಡು ಬೂಟ್ ನಿಲ್ಲುವುದು ನಿಜ. ಪೂರ್ತಿ ಸಾಲನ್ನೇ ಅಳಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಡಿಸ್ಕ್‌ನ ಸಾಲಿನಲ್ಲಿ “ಪಾರ್ಟ್‌ಎಂಜಿಆರ್”, ಕೀಬೋರ್ಡ್‌ನ ಸಾಲಿನಲ್ಲಿ “ಕೆಬಿಡಿಕ್ಲಾಸ್” ಇರಲೇಬೇಕು. ಅವು ವಿಂಡೋಸ್‌ನವು. ಹೋದ ಪ್ರೋಗ್ರಾಂನ ಹೆಸರೊಂದನ್ನೇ ಅಳಿಸಬೇಕು, ಅದೂ ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡ ಮೇಲೆ. ವಿಂಡೋಸ್ 10ರ 1803 ಆವೃತ್ತಿಯಿಂದ ಈಚೆಗೆ ರಿಜಿಸ್ಟ್ರಿಯ ಬ್ಯಾಕಪ್ ತಾನಾಗೇ ಆಗುವುದಿಲ್ಲ, ಹಾಗಾಗಿ ಮೊದಲಿನಂತೆ ಹಳೆಯ ಪ್ರತಿ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ.

ಗ್ರಾಫಿಕ್ಸ್ ಡ್ರೈವರ್ ತೆಗೆದು ತೊಂದರೆ ಆಗಿದ್ದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅನ್ನುವ ಟೂಲನ್ನು ಸೇಫ್ ಮೋಡ್‌ನಲ್ಲಿ ಓಡಿಸಿ, ಆಮೇಲೆ ಕಂಪನಿ ಸೈಟ್‌ನಿಂದ ಹೊಸದನ್ನು ಹಾಕಿ. ವಿಪಿಎನ್ ಆದರೆ ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಡಿವೈಸ್ ತೋರಿಸಿ, ಮಸುಕಾಗಿ ಕಾಣುವ ಅದರ ಅಡಾಪ್ಟರ್ ತೆಗೆಯಿರಿ.

ಹೊತ್ತುಕೊಂಡು ಹೋದದ್ದನ್ನು ತರುವುದು

ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಅಂತ 2005, 2008, 2010, 2012, 2013 ಹೀಗೆ ಸಾಲಾಗಿ ಕಂಡಾಗ ಒಂದೇ ವಸ್ತು ಹಲವು ಸಲ ಬಂದಿದೆ ಅನ್ನಿಸುವುದು ಸಹಜ. ಅಲ್ಲ. ಇವು ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲ್‌ಗಳ ಗಂಟು, ಪ್ರತಿ ವರ್ಷದ್ದನ್ನೂ ನಂಬಿಕೊಂಡ ಬೇರೆ ಬೇರೆ ಪ್ರೋಗ್ರಾಂಗಳಿರುತ್ತವೆ. ತೆಗೆದರೆ ಅವು ತೆರೆಯುವಾಗಲೇ ಬೀಳುತ್ತವೆ, “ಎಂಎಸ್‌ವಿಸಿಪಿ140 ಸಿಗುತ್ತಿಲ್ಲ” ಎಂಬಂಥ ಸಂದೇಶ ಬರುತ್ತದೆ. ಆಗ ಇಂಥ ಫೈಲ್‌ಗಳನ್ನು (ಡಿಎಲ್‌ಎಲ್) ಒಂದೊಂದೇ ಕೊಡುವ ಸೈಟ್‌ಗಳಿಗೆ ಹೋಗಬೇಡಿ, ವೈರಸ್ ಬರುವ ದಾರಿ ಅದು. ಮೈಕ್ರೋಸಾಫ್ಟ್ ಸೈಟ್‌ನಿಂದ ಪ್ಯಾಕೇಜ್ ಇಳಿಸಿ ಹಾಕಿ. 2015ರಿಂದ ಈಚಿನವಕ್ಕೆ ಒಂದೇ ಪ್ಯಾಕೇಜ್ ಸಾಕು. 64 ಬಿಟ್ ವಿಂಡೋಸ್ ಆಗಿದ್ದರೂ 32 ಬಿಟ್‌ನದ್ದು, 64 ಬಿಟ್‌ನದ್ದು ಎರಡನ್ನೂ ಹಾಕಿ. ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ ಜೋಡಿಸುವ ಸಾಫ್ಟ್‌ವೇರ್ ತೆರೆಯುತ್ತಿರಲಿಲ್ಲ. ಇದನ್ನು ಹಾಕಿದ ಎರಡೇ ನಿಮಿಷಕ್ಕೆ ತೆರೆಯಿತು.

ಹಳೆಯ ಪ್ರೋಗ್ರಾಂ ತೆಗೆಯುವಾಗ “ಈ ಫೈಲನ್ನು ಬೇರೆ ಪ್ರೋಗ್ರಾಂಗಳೂ ಬಳಸುತ್ತಿರಬಹುದು, ತೆಗೆಯಲೇ?” ಅಂತ ಕೇಳಿದರೆ ನೋ ಅನ್ನಿ. ನಾಲ್ಕು ಫೈಲ್ ಉಳಿದರೆ ನಷ್ಟವೇನೂ ಇಲ್ಲ.

ವಿಂಡೋಸ್‌ನ ಸ್ವಂತ ಫೈಲ್‌ಗಳೇ ಕೆಟ್ಟಿವೆ ಅನ್ನಿಸಿದರೆ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎರಡು ಕಮಾಂಡ್, ಇದೇ ಕ್ರಮದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ. ಮೊದಲು “ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್”. ಇದಕ್ಕೆ ಇಂಟರ್ನೆಟ್ ಬೇಕು. ಅಂಕಿ ಎಲ್ಲೋ ಒಂದು ಕಡೆ ನಿಂತಂತೆ ಕಾಣುತ್ತದೆ, ಮುಚ್ಚಬೇಡಿ, ಕಾಯಿರಿ. ಆಮೇಲೆ “ಎಸ್‌ಎಫ್‌ಸಿ /ಸ್ಕ್ಯಾನ್‌ನೌ”. ಇವನ್ನು ಎಲ್ಲ ರೋಗಕ್ಕೂ ಮದ್ದು ಎಂಬಂತೆ ಹೇಳುವವರಿದ್ದಾರೆ. ಇವು ಸರಿಮಾಡುವುದು ವಿಂಡೋಸ್‌ನ ಫೈಲ್‌ಗಳನ್ನು ಮಾತ್ರ. ಹೊರಗಿನವರು ಬಿಟ್ಟುಹೋದ ಡ್ರೈವರ್ ಕಡೆ ತಿರುಗಿಯೂ ನೋಡುವುದಿಲ್ಲ.

ಸಿಸ್ಟಂ ರಿಸ್ಟೋರ್ ಆನ್ ಇದ್ದು, ಅನ್‌ಇನ್‌ಸ್ಟಾಲ್‌ಗಿಂತ ಮುಂಚಿನ ದಿನಾಂಕ ಸಿಕ್ಕರೆ ಧಾರಾಳವಾಗಿ ಬಳಸಿ. ನಿಮ್ಮ ಡಾಕ್ಯುಮೆಂಟ್, ಫೋಟೋಗಳನ್ನು ಅದು ಮುಟ್ಟುವುದಿಲ್ಲ. ಆದರೆ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ.

ಅನ್‌ಇನ್‌ಸ್ಟಾಲ್ ಕಾರಣವೇ ಅಲ್ಲದಿದ್ದರೆ?

ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಜನ ಪ್ರೋಗ್ರಾಂ ಯಾಕೆ ತೆಗೆಯುತ್ತಾರೆ ಹೇಳಿ? ಕಂಪ್ಯೂಟರ್ ನಿಧಾನವಾಗಿದೆ, ಹ್ಯಾಂಗ್ ಆಗುತ್ತಿದೆ, ಅದಕ್ಕೇ ಅಲ್ವಾ? ಅಂದರೆ ರೋಗ ಮೊದಲೇ ಇತ್ತು. ಸಾಯುತ್ತಿರುವ ಹಾರ್ಡ್‌ಡಿಸ್ಕ್‌ನಿಂದ ನಿಧಾನವಾಗಿರುತ್ತದೆ, ನಾಲ್ಕು ಪ್ರೋಗ್ರಾಂ ತೆಗೆಯುತ್ತೇವೆ, ಮರುದಿನ ಕ್ರ್ಯಾಶ್ ಆಗುತ್ತದೆ, ತಪ್ಪನ್ನು ತೆಗೆದದ್ದರ ಮೇಲೆ ಹಾಕುತ್ತೇವೆ. ರಿಲಯಬಿಲಿಟಿ ಹಿಸ್ಟರಿಯಲ್ಲಿ ಹಳೆಯ ಕೆಂಪು ಗುರುತುಗಳನ್ನು ನೋಡಿ ಅಂದದ್ದು ಇದಕ್ಕೇ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಡಿಸ್ಕ್‌ನ ಆರೋಗ್ಯ ನೋಡಿ. ಅಲ್ಲಿ ಕಾಷನ್ ಅಥವಾ ಬ್ಯಾಡ್ ಬಂದರೆ ಬೇರೆ ಯಾವ ರಿಪೇರಿಗೂ ಕೈ ಹಾಕಬೇಡಿ, ಮೊದಲು ಡೇಟಾ ಹೊರಗೆ ತೆಗೆಯಿರಿ. ರ್‍ಯಾಮ್ ಪರೀಕ್ಷೆಗೆ ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್ ಇದೆ. ಎರಡು ರ್‍ಯಾಮ್ ಕಡ್ಡಿ ಇದ್ದರೆ ಒಂದೊಂದನ್ನೇ ಹಾಕಿ ಓಡಿಸುವುದು ಇನ್ನೂ ನಂಬಿಕೆಯ ದಾರಿ. ಡೆಸ್ಕ್‌ಟಾಪ್ ಆದರೆ ಪಕ್ಕದ ಬಾಗಿಲು ತೆಗೆದು ಫ್ಯಾನ್ ನೋಡಿ. ಝೆರಾಕ್ಸ್ ಅಂಗಡಿಗಳಲ್ಲಿ ಪೇಪರ್ ಧೂಳು ಪ್ರೊಸೆಸರ್ ಫ್ಯಾನ್‌ಗೆ ಕಂಬಳಿ ಹೊದಿಸಿದಂತೆ ಕೂತಿರುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿತ ಇರುವ ಊರಾದರೆ ಯುಪಿಎಸ್ ಬ್ಯಾಟರಿಯನ್ನೂ ಪರೀಕ್ಷಿಸಿ.

ಡ್ರೈವರ್ ವೆರಿಫೈಯರ್ ಬಗ್ಗೆ ಒಂದು ಮಾತು. ಅದು ಡ್ರೈವರ್‌ಗಳನ್ನು ಬೇಕಂತಲೇ ಒತ್ತಡಕ್ಕೆ ಹಾಕಿ, ತಪ್ಪು ಮಾಡಿದವರನ್ನು ಅಲ್ಲೇ ಹಿಡಿಯುತ್ತದೆ. ಶಕ್ತಿಯುತ ಟೂಲ್, ಆದರೆ ಕಂಪ್ಯೂಟರ್ ಬೂಟ್ ಆಗದೆ ಸುತ್ತುತ್ತಲೇ ಇರಬಹುದು. ಸೇಫ್ ಮೋಡ್‌ಗೆ ಹೋಗಿ “ವೆರಿಫೈಯರ್ /ರೀಸೆಟ್” ಕೊಟ್ಟು ವಾಪಸ್ ಬರಲು ಗೊತ್ತಿದ್ದವರು ಮಾತ್ರ ಮುಟ್ಟಿ. ಮೈಕ್ರೋಸಾಫ್ಟ್‌ನದ್ದಲ್ಲದ ಡ್ರೈವರ್‌ಗಳನ್ನು ಮಾತ್ರ ಆರಿಸಿ.

ಏನೂ ಆಗದಿದ್ದರೆ ಕೊನೆಗೆ ವಿಂಡೋಸನ್ನೇ ರೀಸೆಟ್ ಮಾಡುವುದು. “ಕೀಪ್ ಮೈ ಫೈಲ್ಸ್” ಆರಿಸಿದರೆ ಫೈಲ್ ಉಳಿಯುತ್ತದೆ, ನೀವು ಹಾಕಿದ ಪ್ರೋಗ್ರಾಂಗಳೆಲ್ಲ ಹೋಗುತ್ತವೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ನೆನಪು: ನುಡಿ, ಬರಹ ಮತ್ತೆ ಹಾಕಬೇಕಾಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳು ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಕೆಟ್ಟಿರುವುದಿಲ್ಲ. ಫಾಂಟ್‌ಗಳನ್ನು ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ. ಇನ್ನೂ ವಿಂಡೋಸ್ 10 ಇದ್ದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೂ ಹೊಸದಾಗಿ ಹಾಕುವುದಾದರೆ, ಕಂಪ್ಯೂಟರ್ ಒಪ್ಪಿದರೆ, 11 ಹಾಕಿಬಿಡಿ.

ಉಳಿದವನ್ನು ತೆಗೆಯುವ ರೀತಿ

ಅಕ್ಕನಿಗೆ ಇನ್ನೂ ಮೂರು ಪ್ರೋಗ್ರಾಂ ತೆಗೆಯಬೇಕಿತ್ತು. ಒಟ್ಟಿಗೇ ಕೂತು ತೆಗೆದೆವು. ಒಂದು ತೆಗೆದು, ರೀಸ್ಟಾರ್ಟ್, ಸ್ವಲ್ಪ ಹೊತ್ತು ಕೆಲಸ, ಆಮೇಲೆ ಇನ್ನೊಂದು. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ಕರ್ನೆಲ್ ಪೂರ್ತಿ ಮುಚ್ಚುವುದಿಲ್ಲ, ಇದ್ದ ಸ್ಥಿತಿಯನ್ನೇ ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತದೆ. ಮುಚ್ಚಿದಂತೆ ಕಂಡರೂ ಹಳೆಯ ಡ್ರೈವರ್ ಒಳಗೇ ಉಳಿಯಬಹುದು. ರೀಸ್ಟಾರ್ಟ್ ಕೊಟ್ಟಾಗಲೇ ಪೂರ್ತಿ ಹೊಸದಾಗಿ ಶುರುವಾಗುವುದು. ತೆಗೆಯುವಾಗ ಬಳಕೆಯಲ್ಲಿದ್ದ ಫೈಲ್‌ಗಳನ್ನೂ ವಿಂಡೋಸ್ ಅಳಿಸುವುದು ಮುಂದಿನ ಬೂಟ್‌ನಲ್ಲೇ.

ಮರುದಿನ ಸಂಜೆ ಅಕ್ಕ ಮತ್ತೆ ಫೋನ್ ಮಾಡಿದರು. “ಬೆಳಗ್ಗೆಯಿಂದ ಒಂದು ಸಲಾನೂ ಬಿದ್ದಿಲ್ಲ ಅಣ್ಣಾ. ಆದರೆ ಸ್ಕ್ಯಾನರ್ ಕಾಣ್ತಾನೇ ಇಲ್ಲ.” ತೆಗೆದ ಎಂಟರ ಪಟ್ಟಿ ನನ್ನ ಜೇಬಿನಲ್ಲೇ ಇತ್ತು. ಮೂರನೇ ಸಾಲು, ಹಳೆಯ ಸ್ಕ್ಯಾನರ್‌ನ ಸಾಫ್ಟ್‌ವೇರ್. ಅವರು ಈಗ ಬಳಸುತ್ತಿದ್ದ ಸ್ಕ್ಯಾನರ್ ಅದೇ ಕಂಪನಿಯದ್ದು, ಎರಡಕ್ಕೂ ಡ್ರೈವರ್ ಒಂದೇ. ಕಂಪನಿ ಸೈಟ್‌ನ ವಿಳಾಸ ಹೇಳಿದೆ, ಮಾಡೆಲ್ ನಂಬರ್ ಹಾಕಿ ಅವರೇ ಇಳಿಸಿಕೊಂಡು ಹಾಕಿದರು.